ಮೂರನೆಯ ಒನ್ಸ್‌ಮೋರ್

"ಕೂತ್ಕೊಳಿ ಸಾರ್, ಅತ್ತೆ ಸೀರೆ ಬದಲಾಯಿಸ್ತಾ ಅವ್ರೆ. ನೀವು ಬರ್ತೀರ ಅಂತ ಬೆಳಿಗ್ಗೆಯಿಂದ ಇದೇ ಸಡಗರ," ಎಂದು ಸುಧಾ ನಗುತ್ತ ಕುರ್ಚಿ ಎಳೆದು ಹಾಕಿದಳು. ವೆಂಕಟರಂಗಯ್ಯ ಕುಳಿತರು, ಬೆನ್ನು ಮಾತ್ರ ಒರಗಿಸಲಿಲ್ಲ. ಉಪ್ಪಾರಹಳ್ಳಿಯಿಂದ ಗುಬ್ಬಿಗೆ ಬರುವಷ್ಟರಲ್ಲೇ ಬಸ್ಸಿಳಿದು ವಾಪಸ್ ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತ್ತು.

ಎಲ್ಲಾ ಆ ಫೇಸ್‌ಬುಕ್ಕಿನ ಕೆಲಸ. ನಿವೃತ್ತರಾದ ಮೇಲೆ ಅವರಿಗೆ ಹಳೇ ತುಮಕೂರಿನ ಬಗ್ಗೆ ಬರೆಯುವ ಚಟ ಹತ್ತಿತ್ತು. ಹೋದ ವಾರ ಬಸ್ ಸ್ಟ್ಯಾಂಡ್ ಹತ್ತಿರವಿದ್ದ ಕಾಫಿ ಬಾರು, ಅದರ ಹಿಂದಿನ ಬಯಲಿನಲ್ಲಿ ಗುಡಾರ ಹಾಕುತ್ತಿದ್ದ ನಾಟಕ ಕಂಪನಿ, ಬೈಟು ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹೊಡೆದ ಹರಟೆ, ಎಲ್ಲವನ್ನೂ ಬಾಯಲ್ಲಿ ನೀರೂರುವ ಹಾಗೆ ಬರೆದಿದ್ದರು. ಕೊನೆಗೆ ಜಂಬ ಬೇರೆ: ನಾಯಕಿ ನರಸಿಂಹಮ್ಮನವರಿಂದ ಒಂದೇ ಹಾಡಿಗೆ ಮೂರು ಒನ್ಸ್‌ಮೋರ್ ಹಾಡಿಸಿದವನು ನಾನೇ ಎಂದು. ಇನ್ನೂರು ಜನ ಮೆಚ್ಚಿದರು. ಆಮೇಲೆ ನರಸಿಂಹಮ್ಮನವರ ಸೊಸೆ ಈ ಸುಧಾ ಫೋನ್ ಮಾಡಿದಳು. "ಅತ್ತೆಗೆ ಓದಿ ಹೇಳ್ದೆ ಸಾರ್. ನಿಮ್ಮನ್ನ ನೋಡ್ಲೇಬೇಕಂತೆ."

ಬರೆಯದೆ ನುಂಗಿಕೊಂಡ ಸಂಗತಿಯೊಂದಿತ್ತು. ಆ ಸಂಜೆ ಆಟಕ್ಕೆ ಮುಂಚೆ ನರಸಿಂಹಮ್ಮ ಮೆಣಸು ಹಾಕಿದ ಬಿಸಿ ಹಾಲು ಕುಡಿಯಲು ಕಾಫಿ ಬಾರಿಗೆ ಬಂದಿದ್ದರು. ವೆಂಕಟರಂಗಯ್ಯ ಗೆಳೆಯರೊಂದಿಗೆ ಕೂತಿದ್ದ ಟೇಬಲ್ಲಿನ ಮುಂದೆ ನಿಂತು, "ಗಂಟ್ಲು ಕಟ್ಟೈತೆ ಕಣ್ರಪ್ಪ. ಇವತ್ತೊಂದಿನ ಒನ್ಸ್‌ಮೋರ್ ಅನ್ಬ್ಯಾಡಿ," ಎಂದು ಕೈ ಮುಗಿದಿದ್ದರು. ಜನ ಒನ್ಸ್‌ಮೋರ್ ಕೂಗಿದರೆ ಹಾಡಲೇಬೇಕು, ಕಂಪನಿಯ ಕಟ್ಟುನಿಟ್ಟು ಅದು. ಅವರು ಆಚೆ ಹೋಗುತ್ತಲೇ ಗೆಳೆಯ ಅಣ್ಣಯ್ಯಪ್ಪ, "ಮೂರು ಒನ್ಸ್‌ಮೋರ್ ಹಾಡ್ಸು ನೋಡಾನ. ಗೆದ್ರೆ ಮಸಾಲೆ ದೋಸೆ ನಾನು ಕೊಡಿಸ್ತೀನಿ," ಎಂದ.

ಇಪ್ಪತ್ತೆರಡರ ವಯಸ್ಸು. ದೋಸೆಗಿಂತ ಪಂಥದ ಹುರುಪು ದೊಡ್ಡದು. ವೆಂಕಟರಂಗಯ್ಯ ಕೂಗಿದರು, ಗುಡಾರಕ್ಕೆ ಗುಡಾರವೇ ದನಿಗೂಡಿಸಿತು. ಮೂರನೆಯ ಸಲ ಮೇಲಿನ ಸ್ವರಕ್ಕೆ ಹೋದಾಗ ನರಸಿಂಹಮ್ಮನವರ ಗಂಟಲು ಒಡೆಯಿತು, ಮತ್ತೆ ಕೂಡಲಿಲ್ಲ. ಮರುವರ್ಷ ಕುಣಿಗಲ್ಲಿನ ಕ್ಯಾಂಪಿನಲ್ಲಿ ಅವರಿಗೆ ಹಾಡಿಲ್ಲದ ಅತ್ತೆಯ ಪಾರ್ಟು. ಅದನ್ನು ನೋಡಲಾರದೆ ವೆಂಕಟರಂಗಯ್ಯ ಮಧ್ಯದಲ್ಲೇ ಎದ್ದು ಬಂದಿದ್ದರು. ನಲವತ್ತೈದು ವರ್ಷ ಈ ಮಾತು ಹೆಂಡತಿಗೂ ಹೇಳಿರಲಿಲ್ಲ. ಅಂಥದ್ದನ್ನೇ ಜಂಬ ಮಾಡಿಕೊಂಡು ಬರೆದ ತಮ್ಮ ಬಗ್ಗೆ ಅವರಿಗೇ ಹೇಸಿಗೆಯಾಗಿತ್ತು.

ನರಸಿಂಹಮ್ಮ ಗೋಡೆ ಹಿಡಿದುಕೊಂಡು ಬಂದರು. ಜರಿಯಂಚಿನ ಸೀರೆ, ಹಣೆ ತುಂಬ ಕುಂಕುಮ. "ಬಂದ್ಯೇನಪ್ಪ?" ಎಂದ ದನಿ ಗೊರಗೊರ ಎಂದಿತು.

ವೆಂಕಟರಂಗಯ್ಯ ಎದ್ದು ನಿಂತರು. "ತಪ್ಪಾಯ್ತಮ್ಮ. ನೀವು ಅವತ್ತು ಬ್ಯಾಡ ಅಂತ ಕೈ ಮುಗಿದ್ರೂ ನಾನು ಕೂಗ್ದೆ."

"ಗೊತ್ತು ಬುಡಪ್ಪ, ನಿನ್ ದನಿ ಅವತ್ತೇ ಗುರುತು ಹತ್ತಿತ್ತು. ಬೈಯಕ್ಕೆ ಕರೆಸ್ಲಿಲ್ಲ ನಾನು." ಅವರು ಉಸಿರು ಸುಧಾರಿಸಿಕೊಂಡರು. "ನಮ್ ಮ್ಯಾನೇಜರು ಸಾಯೋಗಂಟ ಅದನ್ನೇ ಅಂತಿದ್ದ. ಹುಡುಗ್ರು ತಮಾಷೆಗೆ ಕೂಗಿದ್ರು, ನೀನು ಹಾಳಾಗೋದೆ ಅಂತ. ನಾನು ಒಪ್ಪಲೇ ಇಲ್ಲ. ಗಂಟ್ಲು ಕಟ್ಟಿದ್ರೂ ಚೆನ್ನಾಗಿ ಹಾಡಿದ್ದೆ, ಅದಕ್ಕೇ ಅಲ್ವಾ ನೀನು ಕೂಗಿದ್ದು?"

ವೆಂಕಟರಂಗಯ್ಯನವರಿಗೆ ಆ ಹಾಡೇ ನೆನಪಿರಲಿಲ್ಲ. ಆಕೆ ಹಾಡುತ್ತಿದ್ದಾಗ ಅವರು ಅಣ್ಣಯ್ಯಪ್ಪನ ಕಡೆ ತಿರುಗಿ ಒಂದು, ಎರಡು ಎಂದು ಬೆರಳು ತೋರಿಸುತ್ತ ಕೂತಿದ್ದರು. ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದರು. ಎದುರಿಗೆ ಆಕೆ ಕಣ್ಣರಳಿಸಿಕೊಂಡು ಕಾಯುತ್ತಿದ್ದರು.

"ಹೌದಮ್ಮ. ಅಂಥ ಹಾಡು ಆಮೇಲೆ ಕೇಳೇ ಇಲ್ಲ."

"ಕೇಳ್ದೇನೇ ಸುಧಾ? ನಾನು ಹೇಳಿರ್ಲಿಲ್ವಾ?" ನರಸಿಂಹಮ್ಮ ಅಡುಗೆಮನೆಯ ಕಡೆ ಕೂಗಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಇವರ ಹತ್ತಿರಕ್ಕೆ ಜರುಗಿಸಿಕೊಂಡು ಕೂತು, ಮೆಲ್ಲಗೆ ಕೇಳಿದರು. "ಯಾವ್ ಸಾಲು ಕಣಪ್ಪ ನಿಂಗೆ ಅಷ್ಟು ಹಿಡಿಸಿದ್ದು?"

ಒಳಗಿನಿಂದ ಕಾಫಿ ತಂದ ಸುಧಾ ಲೋಟ ಕೆಳಗಿಡದೆ, ಉತ್ತರ ಕೇಳಲು ಹಾಗೆಯೇ ನಿಂತಳು.