ಕಾಂಚನಳ ಎದೆಯ ಬಾಗಿಲು

ಕಿವಿಯಲ್ಲಿ ಕೊಳವೆ ತಣ್ಣಗಿದೆ, ಚಿಕ್ಕೋಡಿಯ ಡಾಕ್ಟರಬಾಯಿ ತಮ್ಮ ಸ್ಟೆತಾಸ್ಕೋಪ್ ತೆಗೆದು ನನಗೇ ಸಿಕ್ಕಿಸಿದ್ದಾರೆ, ತಗೋರಿ ಮಾಯಪ್ಪಾ, ಮಗಳ ಎದಿ ನೀವ ಕೇಳ್ರಿ — ನಾನು, ಬೇಡಕಿಹಾಳದ ಮೋಟರ್ ರಿಪೇರಿಯವನು, ಮೋಟರಿಗೆ ಒತ್ತಿದ ಸ್ಕ್ರೂಡ್ರೈವರ್ ಹಿಡಿಕೆಗೆ ಕಿವಿ ಹಚ್ಚಿ ಬೇರಿಂಗಿನ ಹಣೆಬರಹ ಹೇಳುವವನು, ಹತ್ತು ವರ್ಷದ ಕಾಂಚನಳ ಮುಂದೆ ಬಿಲ್ಲೆ ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದೇನೆ, ಥೂ — ಮಿರಜದಲ್ಲಿ ಆಪರೇಷನ್ ಆಗಿ ಆರು ವಾರ, ಎದೆಯ ವಾಲ್ವ್ ಸೋರುವುದು ನಿಂತಿದೆಯೋ ಇಲ್ಲವೋ ಇವತ್ತು ಗೊತ್ತಾಗಬೇಕು, ನಿಂತಿದ್ದರೆ ಸಾಲೆಗೆ ಹೋಗುತ್ತಾಳೆ, ಓಡುತ್ತಾಳೆ, ಏದುಸಿರು ಬಿಡದೆ ಅವರವ್ವನ ಜೊತೆ ಜಗಳ ಆಡುತ್ತಾಳೆ — ಆಪರೇಷನ್ನಿಗೆ ಮೊದಲು ಇದೇ ಡಾಕ್ಟರಬಾಯಾರು ಎದೆಯ ಚಿತ್ರ ಬರೆದು ತೋರಿಸಿದಾಗ ನಾನು ನಕ್ಕೇಬಿಟ್ಟಿದ್ದೆ, ಅಯ್ಯ, ಇದು ನಮ್ಮ ಬಾವಿ ಫುಟ್‌ವಾಲ್ವ್ ಅಲ್ಲೇನ್ರಿ, ನೀರ ಮ್ಯಾಲ ಬಿಡತೈತಿ, ತಿರುಗಿ ಇಳಿಯಾಕ ಬಿಡಂಗಿಲ್ಲ, ಹೌದ್ರಿ, ಅಂದರು ಬಾಯಾರು, ಎದ್ಯಾಗ ಅಂಥಾವು ನಾಕ ಅದಾವ, ಹೃದಯ ಹಿಂಡಿಕೊಂಡಾಗ ಎರಡು ಮುಚ್ಚತಾವ, ಲಬ್, ರಕ್ತ ಹೊರಗ ಹೋದ ಮ್ಯಾಲ ಉಳಿದ ಎರಡು ಮುಚ್ಚತಾವ, ಡಬ್, ನಿಮ್ಮ ಮಗಳದು ಒಂದು ಪೂರಾ ಮುಚ್ಚವಲ್ದು, ರಕ್ತ ಹಿಂದಕ್ಕ ಬಂದು ನಡುವ ಸುಸ್ ಅಂತೈತಿ — ಆಗ ನಗು ನಿಂತುಹೋಯಿತು, ಊರ ಬಾವಿಗಳ ವಾಲ್ವೆಲ್ಲ ಸರಿ ಮಾಡುವ ಕೈ, ಮಗಳ ಎದೆಗೆ ಯಾವ ಪಾನಾ ಹಚ್ಚಿ ತಿರುವಲಿ, ಅಲ್ಲೇ ಅತ್ತುಬಿಟ್ಟೆ.

ಈಗ ಕೇಳು ಮಾಯಪ್ಪಾ, ಕೇಳು, ಅಂದುಕೊಂಡು ಬಿಲ್ಲೆ ಮಗಳ ಎದೆಗೆ ಒತ್ತಿದೆ — ಲಬ್, ಸುಸ್... ಅಯ್ಯೋ, ಇದೆ, ಸುಸ್ ಇನ್ನೂ ಇದೆ, ಏನ್ರಿ, ಯಾಕ ಮಾರಿ ಹಂಗ ಮಾಡೀರಿ, ಹೆಂಡತಿ ಸುಂದರಾ ತೋಳು ಜಗ್ಗುತ್ತಿದ್ದಾಳೆ, ಬಾಯಾರ, ಇನ್ನೂ ಸೋರಾಕತ್ತೈತ್ರಿ, ಡಾಕ್ಟರಬಾಯಿ ನಗುತ್ತಾರೆ, ಅದು ಉಸಿರ್ರಿ ಮಾಯಪ್ಪಾ, ಕಾಂಚನಾ, ಒಂದೀಟು ಉಸಿರ ಹಿಡಿ ನೋಡೂಣು — ಹೌದಲ್ಲ, ಬಾಜೂಕಿನ ಎಂಜಿನ್ ಬಂದ್ ಮಾಡದೆ ಬೇರಿಂಗ್ ಕೇಳಬಾರದೆಂದು ಊರಿಗೆಲ್ಲ ಹೇಳುವವನು ನಾನೇ, ಹುಚ್ಚ — ಕಾಂಚನ ಗಲ್ಲ ಉಬ್ಬಿಸಿ ಕೂತಿದ್ದಾಳೆ, ಕಣ್ಣಲ್ಲಿ ನಗು, ಲಬ್, ನಡುವೆ ಏನೂ ಇಲ್ಲ, ಡಬ್, ಸುಂದರಾ, ಮುಚ್ಚಾಕತ್ತೈತಿ, ಗಟ್ಟಿ ಮುಚ್ಚಾಕತ್ತೈತಿ, ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು, ಮಗಳು ತಡೆಯಲಾಗದೆ ಫಕ್ಕನೆ ನಕ್ಕಳು, ಅಪ್ಪಾ, ನಾಳೆ ಸಾಲಿಗೆ ಹೋಗ್ಲೇನು, ಹೋಗು, ಓಡಿಕೋತ ಹೋಗು, ಡಾಕ್ಟರಬಾಯಿ ಕೊಳವೆಗೆ ಕೈ ಚಾಚಿದರು, ಹೊರಗ ಮಂದಿ ಕುಂತಾರ, ಇನ್ನ ಕೊಡ್ರಿ ಮಾಯಪ್ಪಾ, ತಡೀರಿ ಬಾಯಾರ, ಇನ್ನೊಮ್ಮಿ ಉಸಿರ ಹಿಡಿ ನನ್ನವ್ವಾ, ಇನ್ನೊಂದ ಸಲ — ಲಬ್, ಏನೂ ಇಲ್ಲ, ಡಬ್, ಲಬ್, ಏನೂ ಇಲ್ಲ, ಡಬ್