ಕೆನ್ನೆಗೊತ್ತಿದ ಮಣ್ಣು

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಮೊದಲು ಅದನ್ನು ಕೆನ್ನೆಗೆ ಒತ್ತಿ ನೋಡುವುದು ನಮ್ಮ ಇಸ್ತ್ರಿಯವರ ಅಭ್ಯಾಸ. ಒಗೆದ ಅಂಗಿಯ ಕಾಲರು, ಬಿಸ್ಕತ್ತು, ಅಂಚೆಯಲ್ಲಿ ಬಂದ ಲಕೋಟೆ, ಒಮ್ಮೆ ನಾನು ಜಂಬದಿಂದ ತೋರಿಸಲು ಒಯ್ದ ನನ್ನದೇ ಹೊಸ ಪುಸ್ತಕ, ಎಲ್ಲಕ್ಕೂ ಅದೇ ಪರೀಕ್ಷೆ, ಕಣ್ಣು ಅರೆಮುಚ್ಚಿ, ಕ್ಷಣಕಾಲ ಧ್ಯಾನಸ್ಥರಾಗಿ, ಆಮೇಲೆ ತೀರ್ಪು: "ಹದ ಬಂದಿಲ್ಲ." ನಲವತ್ತು ವರ್ಷ ಕೆಂಡದ ಪೆಟ್ಟಿಗೆಯನ್ನು ಎಳೆದಾಡಿದ ಬಲಭುಜ ಎಡದಕ್ಕಿಂತ ಎರಡು ಬೆರಳು ತಗ್ಗಿತ್ತು. ಬರಿಗೈಯಲ್ಲಿ ಬೀದಿಗಿಳಿದಾಗಲೂ ಪೆಟ್ಟಿಗೆ ಹಿಡಿದವರಂತೆ ಓರೆಯಾಗಿಯೇ ನಡೆಯುತ್ತಿದ್ದರು. ಮಕ್ಕಳು ಅವರಿಗೆ ಹದಪ್ಪ ಎಂದು ಹೆಸರಿಟ್ಟಿದ್ದರು. ಅವರೂ ಅದಕ್ಕೆ ಓಗೊಡುತ್ತಿದ್ದರು.

ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕಿಟಕಿಯಿಂದ ಬಗ್ಗಿದರೆ ಹಿತ್ತಿಲ ಗೋಡೆಯ ಬುಡದಲ್ಲಿ ಎರಡು ಮಾರು ಉದ್ದದ ಒಂದು ಮಡಿ ಕಾಣುತ್ತಿತ್ತು: ಟೊಮೇಟೊ, ಪುದೀನ, ಮೂರು ಗುಲಾಬಿ. ಅದು ಅವರ ಹೆಂಡತಿಯ ಸಾಮ್ರಾಜ್ಯ. ಮದುವೆಯಾದಂದಿನಿಂದ ಆ ಗಡಿಯನ್ನು ಅವರು ದಾಟಿದವರಲ್ಲ. ಆ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಆಕೆ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯೂ ಆಯಿತು, ಮೂಳೆಯೂ ಕೂಡಿತು. ಇನ್ನು ಎದ್ದು ನಡೆಯದಿದ್ದರೆ ಕಾಲು ಕೈಕೊಡುತ್ತದೆಂದು ವೈದ್ಯರು ಎಚ್ಚರಿಸಿದರು. ಆಕೆ ಮಾತ್ರ ಮಂಚ ಬಿಡಲು ಒಪ್ಪಲಿಲ್ಲ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು, ಗಿಡ ನೋಡುವವರು ಯಾರೂ ಇಲ್ಲ, ಎಲ್ಲ ಸುಟ್ಟು ಹೋಗುತ್ತಿರುವಾಗ ತಾನು ಎದ್ದು ನೋಡಬೇಕಾದದ್ದೇನು ಎಂಬುದು ಆಕೆಯ ವಾದ.

ಕನಿಕರದಿಂದ ನಾನೊಂದು ಮಟಮಟ ಮಧ್ಯಾಹ್ನ ಮಿಕ್ಕ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಮಡಿಯತ್ತ ಧಾವಿಸಿದೆ. ಇಸ್ತ್ರಿಯವರು ಬಂದು ಮಣಿಕಟ್ಟು ಹಿಡಿದರು.

"ಕಾದ ಪೆಟ್ಟಿಗೆ ಮೇಲೆ ನೀರು ಹಾಕಿದ್ರೆ ಚುಂಯ್ ಅನ್ನುತ್ತೆ, ಅಷ್ಟೇ ಮೇಷ್ಟ್ರೇ. ಗಿಡದ ವಿಷಯ ನಂಗೆ ಗೊತ್ತಿಲ್ಲ. ಒದ್ದೆ ವಿಷಯ ಗೊತ್ತು."

ಗೊತ್ತಿತ್ತು, ನಿಜ. ದಿನವೂ ಬೆಳಿಗ್ಗೆ ಬಟ್ಟೆಗಳಿಗೆ ನೀರು ಚಿಮುಕಿಸಿ, ಬಿಗಿಯಾಗಿ ಸುತ್ತಿ, ಗಾಳಿಯಾಡದಂತೆ ಮುಚ್ಚಿಟ್ಟು, ಆ ತೇವ ಎಳೆಯಿಂದ ಎಳೆಗೆ ತಾನಾಗಿ ಹಬ್ಬುವವರೆಗೆ ಕಾಯುವುದೇ ಅವರ ವಿದ್ಯೆಯ ಅರ್ಧ. ಅದನ್ನೇ ಮಣ್ಣಿಗೂ ಮಾಡಿದರು. ಒಣಗಿ ಗಟ್ಟಿಯಾದ ಮೇಲ್ಪದರವನ್ನು ಬೆರಳಿನಿಂದ ಸಡಿಲಿಸಿ, ಹೊತ್ತು ಹುಟ್ಟುವ ಮೊದಲೇ ಬುಡಬುಡಕ್ಕೆ ಚೊಂಬಿನಿಂದ ನಿಧಾನವಾಗಿ ನೀರುಣಿಸಿ, ತರಕಾರಿ ಸಿಪ್ಪೆ ಹರಡಿ, ಅದರ ಮೇಲೆ ಬೀದಿ ಗುಡಿಸುವಾಕೆಯಿಂದ ಬೇಡಿ ತಂದ ತರಗೆಲೆಯನ್ನು ನಾಲ್ಕು ಬೆರಳು ದಪ್ಪ ಹಾಸಿ, ಎಲೆ ಹಾರದಂತೆ ಹರಿದ ಬಿಳಿ ದುಪ್ಪಟಿಗಳನ್ನು ಹೊದಿಸಿದರು. ಇಂಥ ಸೆಕೆಯಲ್ಲಿ ಮಣ್ಣಿಗೆ ಚಳಿಯೇ ಎಂದು ನಾನು ಗೇಲಿ ಮಾಡಿದೆ. ಅವರು ದುಪ್ಪಟಿಯ ಅಂಚಿಗೆ ಕಲ್ಲು ಹೇರಿದರು.

ಮಂಚದಿಂದ ಹಿತ್ತಿಲ ಬಾಗಿಲಾಚೆ ಆಕೆಗೆ ಕಾಣುತ್ತಿದ್ದದ್ದು ಆ ಚಿಂದಿ ಮಾತ್ರ. "ಬದುಕಿರೋ ಮಡಿಗೆ ಹೆಣದ ಬಟ್ಟೆ ಹೊದಿಸಿದ್ದೀರಲ್ಲ" ಎಂದು ಗೋಡೆಯ ಕಡೆ ಹೊರಳಿದವರು ಎರಡು ದಿನ ಮಾತಾಡಲಿಲ್ಲ, ಊಟವನ್ನೂ ಮುಟ್ಟಲಿಲ್ಲ. ಇಸ್ತ್ರಿಯವರು ವಾದಿಸುವ ಜಾಯಮಾನದವರಲ್ಲ. ಸುಮ್ಮನೆ ಕೆಲಸ ಮಾಡಿದರು. ಆದರೆ ಆ ಎರಡನೆಯ ದಿನ ನನ್ನ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆಯ ಆಕಾರದ ಕಂದು ಸುಟ್ಟಕಲೆ ಬಿತ್ತು. ನಲವತ್ತು ವರ್ಷದಲ್ಲಿ ಮೊದಲನೆಯದು. ಅವರು ಅದನ್ನು ಮಡಿಸಿ, ತಲೆತಗ್ಗಿಸಿ ಕೊಟ್ಟರು.

ಮರುದಿನ ಬೆಳಿಗ್ಗೆ ನಾನು ಆಕೆಯ ಔಷಧಿ ಕೊಡಲು ಬಾಗಿಲಲ್ಲಿ ನಿಂತಿದ್ದೆ. ಇಸ್ತ್ರಿಯವರು ಹಿತ್ತಿಲಿನಿಂದ ಓರೆ ನಡಿಗೆಯಲ್ಲಿ ಒಳಬಂದರು. ಮುಷ್ಟಿಯಲ್ಲಿ ಹೊದಿಕೆಯಡಿಯ ಕಪ್ಪು ಮಣ್ಣು, ಅದರೊಳಗೆ ಮಿಸುಕುವ ಒಂದು ಎರೆಹುಳು. ಬಾಗಿ, ಆ ಮಣ್ಣನ್ನು ಹೆಂಡತಿಯ ಕೆನ್ನೆಗೆ ಒತ್ತಿದರು. ಆಕೆ ಕಣ್ಣು ಮುಚ್ಚಿದರು. ಆಮೇಲೆ ಆಕೆಯ ತೀರ್ಪು:

"ಪುದೀನಕ್ಕೆ ಇಷ್ಟು ಸಾಕು. ಟೊಮೇಟೊ ಬುಡಕ್ಕೆ ಇನ್ನೊಂದು ಚೊಂಬು ಹಾಕಿ."

ಬಟ್ಟೆಯ ಮೇಲೆ ಸಾಸಿವೆಯಷ್ಟು ಕಲೆಯನ್ನೂ ಸಹಿಸದ ಮನುಷ್ಯ, ತಾನೇ ಇಸ್ತ್ರಿ ಮಾಡಿದ ದಿಂಬಿನ ಮೇಲೆ ಮಣ್ಣು ಉದುರಿದ್ದನ್ನು ಗಮನಿಸದೆ ಚೊಂಬು ಹುಡುಕಲು ಓಡಿದರು.

ಅಂದಿನಿಂದ ದಿನಕ್ಕೊಂದು ಮುಷ್ಟಿ ಮಣ್ಣು ಮಂಚದ ಬಳಿಗೆ ಹೋಯಿತು, ದಿನಕ್ಕೊಂದು ಅಪ್ಪಣೆ ಹೊರಬಂತು. ಹತ್ತನೆಯ ದಿನ ಆಕೆ ಮುಷ್ಟಿಯನ್ನು ತಳ್ಳಿ, ತಾನೇ ನೋಡುತ್ತೇನೆಂದು ಎದ್ದು ಕುಳಿತರು. ಮೂರು ಮೆಟ್ಟಿಲು ಇಳಿಯಲು ಕಾಲು ಗಂಟೆ ಹಿಡಿಯಿತು. ಊರುಗೋಲು ಬೇಕಾಗಲಿಲ್ಲ, ತಗ್ಗಿದ ಆ ಬಲಭುಜ ಆಕೆಯ ಕೈಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿತ್ತು.

ಧಾರಾಳವಾಗಿ ಸುರಿಯುವವರನ್ನು ಲೋಕ ಬೇಗ ಗುರುತಿಸುತ್ತದೆ, ಸುರಿಯುವಾಗ ಸದ್ದಾಗುತ್ತದೆ. ಇದ್ದಷ್ಟನ್ನು ಆರದಂತೆ ಕಾಯುವವರ ಜಾತಿ ಬೇರೆ. ಅವರ ಮಮತೆ ಮೇಲಿನಿಂದ ನೋಡಿದರೆ ತರಗೆಲೆ, ಚಿಂದಿ, ಮೌನ. ಜೊತೆಗೆ ಬಾಳಿದವರಿಗೂ ಹೊದಿಕೆ ಸರಿಸಿ ಮುಟ್ಟಿದಾಗಲೇ ಅದರ ತಂಪು ತಿಳಿಯುವುದು.