ನೀರು ಉಗುಳುವ ತಂಡ

ಮನೆಯಿಂದ ಹೊರಟ ಹೆಣ್ಣುಮಗಳು ನೀರಿನ ತಂಬಿಗೆಗೆ ಕೈಹಚ್ಚುವ ಮುಂಚೆ ಮನಸ್ಸಿನಲ್ಲೇ ಒಂದು ವಿಚಾರ ಮಾಡುತ್ತಾಳೆ. ಹೋಗುವ ಊರಿನಲ್ಲಿ ಸಂಡಾಸ ಇದೆಯೋ ಇಲ್ಲವೋ? ಇದ್ದರೆ ಬಾಗಿಲಿಗೆ ಚಿಲಕ ಇದೆಯೋ ಇಲ್ಲವೋ? ವಿಚಾರ ಮುಗಿಯುವಷ್ಟರಲ್ಲಿ ತಂಬಿಗೆ ಕೆಳಗಿಟ್ಟಿರುತ್ತಾಳೆ. ಇದು ನಮ್ಮ ಗಂಡಸರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಗೊತ್ತಿಲ್ಲದವರ ಹಾಗೆ ಇದ್ದಾರೆ. ಹೋಗಲಿ, ಹೆಂಗಸರಾದ ನಾವಾದರೂ ಬಾಯಿಬಿಟ್ಟು ಹೇಳಿದ್ದೇವೆಯೇ?

ಸೋನಾಲಿ ಹೇಳಿರಲಿಲ್ಲ. ಅವಳು ಔರಾದ್ ತಾಲ್ಲೂಕಿನ ಡಾಬಕಾ ಊರಿನ ಕುರಿ ಸಾಕುವ ಮನೆಯ ಹುಡುಗಿ. ಬೀದರಿನ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ, ಹಾಸ್ಟೆಲ್‌ನಲ್ಲಿ ಇರುತ್ತಾಳೆ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್, ಅವಳೇ ಕ್ಯಾಪ್ಟನ್. ಚೆಂಡು ಯಾವ ಮೂಲೆಗೆ ಬಂದರೂ ಹಾರಿ ಹಿಡಿಯುವ ಗಟ್ಟಿ ಹುಡುಗಿ.

ಈ ಗಟ್ಟಿ ಹುಡುಗಿ ತಂಡಕ್ಕೆ ಒಂದು ನಿಯಮ ಹಾಕಿದ್ದಳು. ಮ್ಯಾಚಿನ ದಿನ ಬೆಳಿಗ್ಗೆಯಿಂದ ಯಾರೂ ನೀರು ನುಂಗಬಾರದು. ಬಾಯಿ ಒಣಗಿದರೆ ಒಂದು ಗುಟುಕು ತೆಗೆದುಕೊಂಡು, ಮುಕ್ಕಳಿಸಿ, ಉಗುಳಬೇಕು. ಎಂಥಾ ನಿಯಮ ನೋಡಿ! ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ. ಅವಳು ಮೊದಲ ವರ್ಷದಲ್ಲಿದ್ದಾಗ ಒಂದು ಊರಿನ ಮೈದಾನದಲ್ಲಿ ಸಂಡಾಸ ಇರಲಿಲ್ಲ. ಹುಡುಗಿಯರು ಗೋಡೆಯ ಮರೆಗೆ ಹೋದರು. ಪಡ್ಡೆ ಹುಡುಗರು ಗೋಡೆ ಹತ್ತಿ ಸಿಳ್ಳೆ ಹೊಡೆದರು, ಒಬ್ಬನಂತೂ ಮೊಬೈಲ್ ಎತ್ತಿ ಹಿಡಿದ. ತಪ್ಪು ಮಾಡಿದವರು ನಗುತ್ತಾ ಹೋದರು, ಏನೂ ಮಾಡದ ಹುಡುಗಿಯರು ಬೀದರ್ ಬರುವ ತನಕ ಬಸ್ಸಿನಲ್ಲಿ ತಲೆ ಎತ್ತಲಿಲ್ಲ. ಅವತ್ತಿನಿಂದ ಸೋನಾಲಿಗೆ ಅವ್ವನ ಮಾತೇ ಸರಿ ಎನಿಸಿತು. ಅವ್ವ ಲಲಿತಾಬಾಯಿ ಸಣ್ಣಂದಿನಿಂದ ಹೇಳುತ್ತಿದ್ದದ್ದು ಅದನ್ನೇ. "ಊರಿಗಿ ಹೋಗೋ ಹೆಣ್ಮಗಳು ನೀರು ಕುಡೀಬಾರದು."

ತರಬೇತಿ ಕೊಡುವ ಉತ್ತಮ ಸರ್‌ಗೆ ಈ ಕಥೆ ಏನೂ ಗೊತ್ತಿಲ್ಲ. ಹುಡುಗಿಯರು ನೀರು ಉಗುಳುವುದನ್ನು ನೋಡಿ ಅವರಿಗೆ ಖುಷಿಯೋ ಖುಷಿ. ಬೇರೆ ಕಾಲೇಜಿನವರ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದರು. "ನಮ್ಮ ಪೋರಿಗೋಳ ಶಿಸ್ತು ನೋಡ್ರಿ. ಆಟದಾಗ ಇದ್ರ ನೀರು ಸುದ್ದಾ ನುಂಗಂಗಿಲ್ಲ!"

ಈ ವರ್ಷದ ಮೊದಲ ಮ್ಯಾಚು ಭಾಲ್ಕಿಯಲ್ಲಿ ಇತ್ತು. ತಂಡಕ್ಕೆ ಹೊಸದಾಗಿ ಸೇರಿದ ಮಹಾಮಾಯಾ ಭಾತಂಬ್ರಾದವಳು, ಮೊದಲ ವರ್ಷದ ಹುಡುಗಿ. ಸೋನಾಲಿ ಹೇಗೆ ಬೂಟಿನ ಲೇಸು ಕಟ್ಟುತ್ತಾಳೋ ಅವಳೂ ಹಾಗೇ ಕಟ್ಟಬೇಕು, ಅಷ್ಟು ಅಭಿಮಾನ. ಅರ್ಧ ಆಟ ಮುಗಿದಾಗ ಬಾಟಲಿ ಹಿಡಿದು ಸೋನಾಲಿಯ ಬಳಿ ಬಂದಳು.

"ಅಕ್ಕಾ, ಗಂಟಲಾ ಒಣಗ್ಲತ್ತದ. ಒಂದೇ ಗುಟುಕು ನುಂಗ್ಲೇನು?"

"ನುಂಗು. ಆಮ್ಯಾಲ ಎಲ್ಲಿಗಿ ಹೋಗ್ತಿ? ನಿಮ್ಮೂರು ಬಾಜೂಕೇ ಅದ ಅಂತ ಮನಿಗಿ ಓಡ್ತಿಯೇನು?"

ಎಲ್ಲರೂ ಕಿಸಕ್ಕನೆ ನಕ್ಕರು. ಮಹಾಮಾಯಾ ಮುಖ ಕೆಂಪಗೆ ಮಾಡಿಕೊಂಡು ನೀರು ಉಗುಳಿದಳು. ಅವತ್ತು ತಂಡ ಗೆದ್ದಿತು, ಉತ್ತಮ ಸರ್ ಎಲ್ಲರಿಗೂ ಪೇಡಾ ಕೊಡಿಸಿದರು.

ಆದರೆ ಹಾಸ್ಟೆಲ್‌ಗೆ ಬಂದ ಸೋನಾಲಿಗೆ ಒಂದಕ್ಕೆ ಹೋದರೆ ಉರಿ. ಖಾರದ ಕೈ ಹಚ್ಚಿದ ಹಾಗೆ ಉರಿ. ಹೋಗಿ ಬಂದರೆ ಮತ್ತೆ ಹೋಗಬೇಕು ಅನಿಸುತ್ತಿತ್ತು, ಹೋದರೆ ನಾಲ್ಕು ಹನಿ. ಕೆಳಹೊಟ್ಟೆ ಹಿಡಿದುಕೊಂಡು ಕೂತಳೇ ಹೊರತು ಪಕ್ಕದ ಹಾಸಿಗೆಯವಳಿಗೂ ಹೇಳಲಿಲ್ಲ. ಹೇಗೆ ಹೇಳುತ್ತಾಳೆ? ಆ ಜಾಗದ ಬೇನೆ ಎಂದರೆ ಜನ ಮೊದಲು ಹುಡುಗಿಯ ನಡತೆಯನ್ನೇ ಅನುಮಾನಿಸುತ್ತಾರೆ. ತಾನೇ ಏನೋ ಹೊಲಸು ಮಾಡಿಕೊಂಡವಳಂತೆ ಒಳಗೊಳಗೇ ಕುಗ್ಗಿದಳು. ಉರಿಗೆ ಹೆದರಿ ನೀರು ಕುಡಿಯುವುದನ್ನು ಇನ್ನೂ ಕಡಿಮೆ ಮಾಡಿದಳು.

ಸೆಮಿಫೈನಲ್ ಔರಾದ್‌ನಲ್ಲಿ ನಡೆಯಿತು. ಫೆಬ್ರವರಿ ಕೊನೆ, ಬಿಸಿಲು ಆಗಲೇ ಚುರುಕಾಗಿತ್ತು. ಆಟ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡಿನ ಹಿಂದೆ ಓಡುತ್ತಿದ್ದ ಮಹಾಮಾಯಾ ತಟ್ಟನೆ ನಿಂತಳು, ತೂರಾಡಿದಳು, ಧೊಪ್ಪೆಂದು ಬಿದ್ದಳು. ತಂಡ ಗೆದ್ದಿತು ನಿಜ. ಗೆದ್ದದ್ದನ್ನು ನೋಡಲು ಅವಳಿಗೆ ಎಚ್ಚರ ಇರಲಿಲ್ಲ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದವರು ನರ್ಸ್ ಅನ್ವರಿ ಬೇಗಂ. ಸಂತಪುರದವರು, ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದವರು. ಮಹಾಮಾಯಾ ಕಣ್ಣು ತೆರೆದ ಮೇಲೆ ಅವಳ ಒಣಗಿದ ತುಟಿ ನೋಡಿ ಕೇಳಿದರು.

"ಬೇಟಾ, ಮುಂಜಾನಿಂದ ನೀರು ಎಷ್ಟು ಕುಡಿದಿ?"

"ಮುಕ್ಕಳಿಸೀನ್ರಿ."

"ಮುಕ್ಕಳಿಸಿದ್ದು ಯಾರು ಕೇಳ್ಯಾರ? ಹೊಟ್ಟಿಗಿ ಹೋಗಿದ್ದು ಎಷ್ಟು?"

ಪಕ್ಕದಲ್ಲಿದ್ದ ಉತ್ತಮ ಸರ್ ಬಾಯಿ ಹಾಕಿದರು. "ಬಿಸಿಲು ಭಾಳ ಅದರಿ ಸಿಸ್ಟರ್. ನಮ್ಮ ಪೋರಿಗೋಳು ನೀರು ನೀರು ಅಂತ ಹಪಾಹಪಿ ಮಾಡಂಗಿಲ್ಲ, ಶಿಸ್ತು ಅದ."

"ನೀರಿಗಿ ಎಂಥಾ ಶಿಸ್ತರಿ ಸರ್? ಇದು ಯಾರು ಕಲಿಸ್ಯಾರ ಇವರಿಗಿ?"

ಸೋನಾಲಿ ಮಂಚದ ಕಾಲಿನ ಬಳಿ ನಿಂತಿದ್ದಳು. ಈಗ ಹೇಳಬೇಕು, ನಾನೇ ಕಲಿಸಿದ್ದು ಎಂದು ಹೇಳಬೇಕು ಎಂದುಕೊಂಡಳು. ನಾಲಿಗೆ ಏಳಲಿಲ್ಲ. ಮಹಾಮಾಯಾ ಅವಳ ಕಡೆ ಒಂದು ಸಲ ನೋಡಿ ಮೆಲ್ಲಗೆ ಅಂದಳು. "ಯಾರೂ ಕಲಿಸಿಲ್ಲರಿ. ನಾನೇ ಕುಡೀಲಿಲ್ಲ."

ಮಲಗಿದಲ್ಲಿಂದ ಆ ಸಣ್ಣ ಹುಡುಗಿ ಸುಳ್ಳು ಹೇಳಿ ತನ್ನನ್ನು ಉಳಿಸಿದಳಲ್ಲ! ಸೋನಾಲಿಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು. ಗೋಲಿನ ಮುಂದೆ ಎದೆಯೊಡ್ಡಿ ನಿಲ್ಲುವ ಕ್ಯಾಪ್ಟನ್, ಇಲ್ಲಿ ಒಂದು ಮಾತಿಗೆ ಹೆದರಿದಳು. ಆ ನಾಚಿಕೆ ಅವಳ ಕೆಳಹೊಟ್ಟೆಯ ನೋವಿಗಿಂತ ಹೆಚ್ಚಾಗಿತ್ತು.

ಆಸ್ಪತ್ರೆಯ ಸಂಡಾಸಿಗೆ ಹೋಗಿ ತುಟಿ ಕಚ್ಚಿಕೊಂಡು ಹೊರಬಂದಾಗ ಎದುರಿಗೇ ಅನ್ವರಿ ಬೇಗಂ.

"ನೀ ಡಾಬಕಾದ ಲಲಿತಾಬಾಯಿ ಮಗಳಲ್ಲಾ? ನಿನಗ ನಾನೇ ಸೂಜಿ ಹಾಕೀನಿ, ಊರೇ ಹಾರಿ ಹೋಗಂಗ ಅಳ್ತಿದ್ದಿ. ಈಗ್ಯಾಕ ಕಣ್ಣಾಗ ನೀರು?"

"ಏನಿಲ್ಲರಿ," ಎಂದು ಸೋನಾಲಿ ದಡದಡ ನಡೆದಳು.

ಮುಖ ಬಾಡಿದ್ದು ನೋಡಿ, ಊರು ಹತ್ತಿರವೇ ಎಂದು ಸರ್ ಅವಳನ್ನು ಡಾಬಕಾಕ್ಕೆ ಕಳಿಸಿದರು. ಮನೆಯಲ್ಲಿ ಅವ್ವನಿಗೆ ಮಾತ್ರ ಹೇಳಿಕೊಂಡಳು. ಲಲಿತಾಬಾಯಿ ಬಾಗಿಲು ಮುಂದೆ ಮಾಡಿ ಬಂದಳು.

"ಮೆಲ್ಲಗ ಮಾತಾಡು. ಯಾರಿಗೂ ಹೇಳಬ್ಯಾಡ. ನಾಳಿಗಿ ಲಗ್ನ ಆಗೋಳು ನೀ. ಇಂಥಾ ಬ್ಯಾನಿ ಅದ ಅಂತ ಗೊತ್ತಾದ್ರ ಮಂದಿ ಬಾಯಿಗಿ ಬೀಳ್ತೀವಿ. ಜೀರಿಗಿ ನೀರು ಕುಡಿ, ಕಡಿಮಿ ಆಗ್ತದ."

ಜೀರಿಗೆ ನೀರಿಗೆ ಕಡಿಮೆಯಾಗಲಿಲ್ಲ. ಮರುದಿನ ಬೆಳಿಗ್ಗೆ ಗಡಗಡ ನಡುಗುವ ಜ್ವರ, ಬೆನ್ನಿನ ಒಂದು ಪಕ್ಕ ಹಿಡಿದುಕೊಂಡ ನೋವು, ವಾಂತಿ. ಅಪ್ಪ ಹಣಮಂತ ಕುರಿ ಹೊಡೆದುಕೊಂಡು ಹೋಗಲು ಕೋಲು ಹಿಡಿದವನು ಬಾಗಿಲಲ್ಲೇ ನಿಂತ. ಏನಾಗಿದೆ ಎಂದು ಕೇಳಿದರೆ ತಾಯಿ ಮಗಳು ಇಬ್ಬರೂ ಗೋಡೆ ನೋಡುತ್ತಾರೆ.

ಅಷ್ಟರಲ್ಲಿ ಅಂಗಳದಲ್ಲಿ ದನಿ ಕೇಳಿತು. ಅನ್ವರಿ ಬೇಗಂಗೆ ಅವತ್ತು ರಜೆ. ಹುಡುಗಿಯ ಕಣ್ಣೀರು ಮನಸ್ಸಿನಿಂದ ಹೋಗದೆ, ಬಸ್ಸು ಹತ್ತಿ ಬಂದೇ ಬಿಟ್ಟಿದ್ದರು. ಹಣೆ ಮುಟ್ಟಿದರು, ಬೆನ್ನು ಒತ್ತಿ ನೋಡಿದರು, ಕೇಳಬೇಕಾದ್ದನ್ನು ನೇರವಾಗಿ ಕೇಳಿದರು.

"ಇದು ಮೂತ್ರದ ಸೋಂಕು ಇದ್ದಂಗ ಅದ ಲಲಿತಾ. ಮ್ಯಾಲ ಕಿಡ್ನಿಗಿ ಏರ್ಲತ್ತಿರಬೇಕು. ಈಗಿಂದೀಗ ಡಾಕ್ಟರ್ ಬಲ್ಲಿ ಹೋಗಬೇಕು."

ಲಲಿತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ನರ್ಸ್ ಬಾಯಿ, ನನ್ನ ಮಗಳು ಅಂಥಾಕಿ ಅಲ್ಲರಿ."

"ಎಂಥಾಕಿ? ಇದು ನಡತಿ ಬ್ಯಾನಿ ಅಲ್ಲ. ನೀರು ಕುಡೀಲಾರ್ದೆ, ಬಂದಿದ್ದು ತಾಸಗಟ್ಟಲೆ ತಡಕೊಂಡು ಕುಂತ್ರ ಒಳಗ ಕ್ರಿಮಿ ಬೆಳೀತಾವ. ಸಣ್ಣೋರು ದೊಡ್ಡೋರು, ಲಗ್ನ ಆದೋರು ಆಗಲಾರ್ದೋರು, ಯಾರಿಗಾದ್ರೂ ಬರ್ತದ. ಹೆಣ್ಮಕ್ಕಳ ಮೈ ರಚನಾನೇ ಹಂಗ ಅದ, ನಮಗ ಜಾಸ್ತಿ ಬರ್ತದ. ಜಲ್ದಿ ತೋರಿಸಿದ್ರ ಗುಳಿಗಿಗಿ ವಾಸಿ ಆಗ್ತದ. ಮುಚ್ಚಿಟ್ರ ಕಿಡ್ನಿಗಿ ಪೆಟ್ಟು ಬೀಳ್ತದ."

"ಆದ್ರ ಬಾಯಿ, ನಮ್ಮ ಅವ್ವನೂ ನನಗ ಹಿಂಗೇ ಬೆಳೆಸ್ಯಾಳ. ಊರಿಗಿ ಹೋಗೋವಾಗ ನೀರು ಕುಡೀಬ್ಯಾಡ ಅಂತ. ನನಗೇನೂ ಆಗಿಲ್ಲಲ್ಲರಿ?"

"ಆಗಿಲ್ಲೇನು? ನಿನಗ ಉರಿ ಅಂತ ಎಷ್ಟು ಸಲ ನನ್ನ ಕಿವ್ಯಾಗ ಹೇಳಿದಿ, ಮರ್ತಿಯೇನು? ಇರ್ಲಿ, ಒಂದು ಮಾತು ಹೇಳು. ಬಿಸಿಲಾಗ ಕುರಿ ಮೇಸ್ಲಾಕ ಹೊಡೀತೀರಿ. ನೀರು ಕುಡಿಸ್ಲಾರ್ದೆ ಹೊಡೀತೀರೇನು?"

"ಹ್ಯಾಂಗ ಹೊಡೀತಾರರಿ? ಪಾಪ, ಸಾಯ್ತಾವ."

ಹೇಳಿದ ಮೇಲೆ ಲಲಿತಾಬಾಯಿ ಮಗಳ ಕಡೆ ನೋಡಿದಳು. ತಾಯಿ ಮುಖ ಮುಚ್ಚಿಕೊಂಡು ಅತ್ತಳು.

ಬಾಗಿಲಲ್ಲಿದ್ದ ಹಣಮಂತ ಕೆಮ್ಮಿದ. "ನಂದೂ ತಪ್ಪು ಅದರಿ ಸಿಸ್ಟರ್. ಮನ್ಯಾಗ ಸಂಡಾಸ ಕಟ್ಟಿಸೀನಿ. ಆದ್ರ ಅದರಾಗ ಕುರಿ ಹಿಂಡಿ ಚೀಲ ತುಂಬೀನಿ. ಇವರು ಕತ್ತಲಾಗೋ ತನಕ ತಡಕೋತಾರ. ನನಗ ಗೊತ್ತಿತ್ತು." ಅಷ್ಟು ಹೇಳುವುದಕ್ಕೆ ಅವನಿಗೆ ಬೆವರು ಬಂದಿತ್ತು. ಕೋಲು ಗೋಡೆಗಾನಿಸಿ, ಗಾಡಿ ತರಲು ಹೊರಟ.

ಡಾಕ್ಟರು ಪರೀಕ್ಷೆ ಮಾಡಿಸಿ, ಮೊದಲು ಸೂಜಿ, ಆಮೇಲೆ ಗುಳಿಗೆ ಕೊಟ್ಟರು. ಜ್ವರ ಇಳಿದರೂ ಗುಳಿಗೆ ನಡುವೆ ಬಿಡಬಾರದು, ಹೇಳಿದಷ್ಟು ದಿನ ಪೂರ್ತಿ ನುಂಗಬೇಕು, ಫೈನಲ್ ಆಡುವಂತಿಲ್ಲ ಎಂದರು. ಇಡೀ ವರ್ಷ ಕಾದ ಫೈನಲ್! ಸೋನಾಲಿ ತಕರಾರು ಮಾಡಲಿಲ್ಲ. ಹಣಮಂತ ಅವತ್ತೇ ಸಂಡಾಸದಿಂದ ಚೀಲ ಎತ್ತಿ ಪಡಸಾಲೆಗೆ ಹಾಕಿದ.

ಫೈನಲ್ ದಿನ ಬೀದರಿನ ಮೈದಾನಕ್ಕೆ ಸೋನಾಲಿ ಅವ್ವನ ಜೊತೆ ಬಂದಳು. ಮಂದಿ ಸೇರಿತ್ತು, ಮೈಕು ಕೂಗುತ್ತಿತ್ತು. ಗೆರೆಯ ಹೊರಗೆ ಅವಳ ತಂಡ ನಿಂತಿತ್ತು. ಒಬ್ಬೊಬ್ಬಳೂ ಬಾಟಲಿ ಎತ್ತಿ, ಮುಕ್ಕಳಿಸಿ, ಉಗುಳುತ್ತಿದ್ದಳು. ಚೇತರಿಸಿಕೊಂಡು ಬಂದ ಮಹಾಮಾಯಾ ಕೂಡ! ಆಸ್ಪತ್ರೆಯಿಂದ ಬಂದ ಮೇಲೂ ಕ್ಯಾಪ್ಟನ್ ಹಾಕಿದ ನಿಯಮ ಮುರಿದಿರಲಿಲ್ಲ ಆ ಹುಡುಗಿ.

ಸೋನಾಲಿ ನೇರ ಉತ್ತಮ ಸರ್ ಹತ್ತಿರ ಹೋದಳು. ಸುತ್ತ ಎರಡೂ ತಂಡದವರು, ರೆಫರಿ, ವ್ಯವಸ್ಥೆ ನೋಡಿಕೊಳ್ಳುವ ಗೋರಖನಾಥ.

"ಸರ್, ಔರಾದ್‌ದಾಗ ಮಹಾಮಾಯಾ ಬರೇ ಬಿಸಿಲಿಗಿ ಬಿದ್ದಿಲ್ಲರಿ. ನೀರು ನುಂಗಬ್ಯಾಡ ಅಂತ ನಾನೇ ಹೇಳಿದ್ದೆ. ನಮ್ಮದು ಶಿಸ್ತಲ್ಲರಿ ಸರ್. ಒಂದಕ್ಕ ಹೋಗ್ಲಾಕ ಜಾಗಾ ಇಲ್ಲ, ಅದಕ್ಕ ಕುಡ್ಯಂಗಿಲ್ಲ. ಹೇಳ್ಲಾಕ ನಾಚಿಕಿ ಆಗ್ತಿತ್ತು. ನಾನೂ ಅದರಿಂದೇ ಬ್ಯಾನಿ ಬಿದ್ದೀನಿ." ಉಸಿರು ಎಳೆದುಕೊಂಡಳು. "ಇಲ್ಲಿ ಸ್ಟೇಜ್ ಹಿಂದ ಸಂಡಾಸ ಅದ. ಕೀಲಿ ಹಾಕ್ಯಾರ. ನಾವು ಎಲ್ಲಿ ಹೋಗಬೇಕ್ರಿ?"

ಗೋರಖನಾಥನಿಗೆ ಮುಜುಗರ. "ಅದು ಅತಿಥಿಗಳಿಗಂತ ಇಟ್ಟೀವಿ. ಇದೆಲ್ಲಾ ಮಂದಿ ಮುಂದ ಮಾತಾಡೋ ಮಾತೇನವ್ವಾ?"

ಹಿಂದಿನಿಂದ ಲಲಿತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಮಂದಿ ಮುಂದ ಪೋರಿಗೋಳು ಗೋಡಿ ಮರಿಗಿ ಹೋದ್ರ ನಡೀತದ, ಬಾಯಿಲೆ ಕೇಳಿದ್ರ ನಡ್ಯಂಗಿಲ್ಲೇನ್ರಿ? ಕೊಡ್ರಿ ಇಲ್ಲಿ ಚಾವಿ."

ಗೋರಖನಾಥ ಜೇಬಿಗೆ ಕೈ ಹಾಕಿದ. ಉತ್ತಮ ಸರ್ ನೆಲ ನೋಡುತ್ತಾ ನಿಂತಿದ್ದರು. "ನಿಮ್ಮ ಬೂಟು ಸರಿ ಅದೇನು ಅಂತ ಕೇಳೀನಿ, ಮೊಣಕಾಲು ನೋಯ್ತದೇನು ಅಂತ ಕೇಳೀನಿ," ಅಂದರು. "ಇದೊಂದು ಕೇಳೇ ಇಲ್ಲ. ನೀವು ನೀರು ಉಗುಳೋದು ನೋಡಿ ಊರ ಮಂದಿ ಮುಂದ ಜಂಬ ಕೊಚ್ಕೊಂಡೀನಿ. ನಾಚಿಕಿ ನನಗ ಆಗಬೇಕವ್ವಾ." ರೆಫರಿಯ ಬಳಿ ಹೋಗಿ ಆಟ ತಡವಾಗಿ ಶುರು ಮಾಡಲು ಕೇಳಿಕೊಂಡರು.

ಬಾಗಿಲು ತೆರೆಯಿತು. ಬೀದರಿನ ಹುಡುಗಿಯರು ಸಾಲು ನಿಂತರು. ಸ್ವಲ್ಪ ಹೊತ್ತಿಗೆ ಎದುರು ತಂಡದ ಹುಡುಗಿಯರೂ ಒಬ್ಬೊಬ್ಬರಾಗಿ ಬಂದು ಅದೇ ಸಾಲಿಗೆ ಸೇರಿಕೊಂಡರು. ಅವರ ಬಾಟಲಿಗಳು ತುಂಬಿಯೇ ಇದ್ದವು, ಅವರೂ ಕುಡಿದಿರಲಿಲ್ಲ.

ಮಹಾಮಾಯಾ ಪಿಸುಗುಟ್ಟಿದಳು. "ಅಕ್ಕಾ, ಇಷ್ಟು ಮಂದಿ ಮುಂದ ಹೇಳಿದಿ. ನಾಚಿಕಿ ಆಗಲಿಲ್ಲೇನು?"

"ಆಯ್ತು. ಇನ್ನೂ ಆಗ್ಲತ್ತದ. ಆಸ್ಪತ್ರ್ಯಾಗ ನೀ ಸುಳ್ಳು ಹೇಳಿದಾಗ ಇದಕ್ಕಿಂತ ಭಾಳ ಆಗಿತ್ತು." ಸೋನಾಲಿ ಅವಳ ಬೆನ್ನು ತಟ್ಟಿದಳು. "ನೀ ಮುಂದ ಸರಿ."

ಅವತ್ತು ಬೀದರಿನ ತಂಡ ಸೋತಿತು. ಸುಳ್ಳು ಯಾಕೆ ಹೇಳಬೇಕು? ನೀರು ಕುಡಿದ ಕೂಡಲೇ ಕಪ್ ಬರುವುದಿಲ್ಲ. ಆದರೆ ಸೋತು ಬಂದ ಹುಡುಗಿಯರು ಗಟಗಟ ನೀರು ಕುಡಿದರು, ಯಾರೂ ಬೀಳಲಿಲ್ಲ.

ಅಕ್ಕಂದಿರೇ, ತಾಯಂದಿರೇ, ಈ ಮಾತು ನಿಮ್ಮ ಮನೆಯದ್ದೂ ಹೌದು. ಮಗಳನ್ನು ನೀರು ಕುಡಿಸದೆ ಹೊರಗೆ ಕಳಿಸಬೇಡಿ. ಬಂದದ್ದನ್ನು ತಡೆದುಕೊಳ್ಳಬೇಡ ಎಂದು ಹೇಳಿ. ಉರಿಮೂತ್ರ, ಕೆಳಹೊಟ್ಟೆ ನೋವು, ಪದೇಪದೇ ಹೋಗಬೇಕೆನಿಸುವುದು ಕಂಡರೆ ಮುಚ್ಚಿಡದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಚಳಿಜ್ವರ, ಬೆನ್ನುನೋವು, ವಾಂತಿ ಇದ್ದರೆ ಅದೇ ದಿನ ಹೋಗಿ. ಡಾಕ್ಟರು ಕೊಟ್ಟ ಗುಳಿಗೆ ಪೂರ್ತಿ ಮುಗಿಸಿ. ಮಾಸ್ತರರೇ, ಪಂಚಾಯತಿಯವರೇ, ಆಟಕ್ಕೆ ಗೆರೆ ಎಳೆಯುವ ಮುಂಚೆ ಹೆಣ್ಣುಮಕ್ಕಳಿಗೆ ನೀರು, ಚಿಲಕವಿರುವ ಸಂಡಾಸ ಇದೆಯೇ ಎಂದು ನೀವೇ ಹೋಗಿ ನೋಡಿ.

ಇವತ್ತು ಮಗಳು ಮನೆಗೆ ಬಂದಾಗ ಮಾರ್ಕ್ಸ್ ಆಮೇಲೆ ಕೇಳಿ. ಮೊದಲು ಇಷ್ಟು ಕೇಳಿ: ನೀರು ಕುಡಿದೆಯಾ? ಹೋಗಲು ಜಾಗ ಇತ್ತೇ? ಅವಳು ತಲೆ ತಗ್ಗಿಸಿದರೆ, ನಾಳೆ ಬೆಳಿಗ್ಗೆ ಆ ಜಾಗ ಕೇಳಲು ಅವಳ ಜೊತೆ ನೀವೂ ಶಾಲೆಗೆ ಹೊರಡಿ.